ಹನ್ನೊಂದನೇ ಕಾಲಂ

ನಮ್ಮ ಮುಂಡಗೋಡ ತಾಲ್ಲೂಕಿನ ಪಾಳಾದ ಕಡೆ ಹೊಲದ ವ್ಯಾಪಾರಕ್ಕೆ ಕುಳಿತರೆ ಚಹಾ ಬರುವ ಮೊದಲೇ ಒಂದು ಮಾತು ಬರುತ್ತದೆ: ‘ಎಲ್ಲಿ, ಉತಾರ ತೋರಸ್ರಿ.’ ಉತಾರ ಎಂದರೆ ಹೊಲದ ಪಹಣಿ. ಹೊಸಬನಾದರೆ ಒಂಬತ್ತನೇ ಕಾಲಂ ನೋಡುತ್ತಾನೆ. ಮಾಲೀಕನ ಹೆಸರು, ಎಕರೆ, ಗುಂಟೆ ಸರಿಯಾಗಿದ್ದರೆ ಅವನಿಗೆ ಸಾಕು. ಪಳಗಿದವನ ಬೆರಳು ಅಲ್ಲಿ ನಿಲ್ಲದೆ ಸೀದಾ ಹನ್ನೊಂದನೇ ಕಾಲಂಗೆ ಹೋಗುತ್ತದೆ. ಯಾವ ಸೊಸೈಟಿಯ ಸಾಲ, ಯಾವ ಬ್ಯಾಂಕಿನ ಬೋಜಾ, ತೀರಿದೆಯೋ ಇಲ್ಲವೋ ಎಲ್ಲ ಅಲ್ಲಿರುತ್ತದೆ. ಆಮೇಲೆ ಹನ್ನೆರಡನೆಯದು: ಈ ವರ್ಷ ಭತ್ತವೋ, ಗೋವಿನಜೋಳವೋ. ಮೂರನ್ನೂ ಕೂಡಿಸಿ ಓದಿದವನಿಗೆ ಮಾತ್ರ ಹೊಲದ ನಿಜಸ್ಥಿತಿ ತಿಳಿಯುತ್ತದೆ.

ಈಚೆಗೆ ಜನ ನನ್ನನ್ನು ಕೇಳುತ್ತಿರುವುದು ಬೇರೊಂದು ಉತಾರದ ಬಗ್ಗೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2025ರ ನವೆಂಬರ್ 1ರಂದು ಟೆನಿಸ್‌ಗೆ ವಿದಾಯ ಹೇಳಿದ ಮೇಲೆ ಅವರ ಅಂಕಿಅಂಶಗಳ ಪಟ್ಟಿ ಎಲ್ಲರ ಮೊಬೈಲಿಗೂ ಬಂತು. ಪಿಯುಸಿ ಓದುವ ನನ್ನ ಅಕ್ಕನ ಮಗ ಅದನ್ನು ನನ್ನ ಮುಂದೆ ಹಿಡಿದು, ‘ಮಾಮಾ, ಇವ್ರು ಇಷ್ಟ್ ಸಲ ಸೋತಾರಲ್ಲ, ಮತ್ತ ನಂಬರ್ ಒನ್ ಹೆಂಗ ಆದ್ರು?’ ಎಂದ. ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರದು ಇನ್ನೊಂದು ತಕರಾರು: ‘ಡಬಲ್ಸ್ ಅಂದ್ರ ಅರ್ಧಾ ಆಟ ಅಲ್ಲೇನ್ರಿ? ಅದಕ್ಕ್ಯಾಕ ಇಷ್ಟ್ ಹೊಗಳಿಕಿ?’ ನಾನು ಟೆನಿಸ್ ಆಡಿದವನಲ್ಲ. ನಮ್ಮೂರ ಶಾಲೆಯ ಮೈದಾನದಲ್ಲಿ ವಾಲಿಬಾಲ್ ಆಡಿ ಬೆರಳು ಉಳುಕಿಸಿಕೊಂಡವನು. ಆದರೆ ಅಂಕಿಗಳ ಪಟ್ಟಿ ಕಂಡರೆ ಕೈ ತಡೆಯುವುದಿಲ್ಲ. ಹಾಗಾಗಿ ಈ ಪಟ್ಟಿಯನ್ನೂ ಉತಾರದ ಹಾಗೆಯೇ ಓದಿದೆ.

ಒಂಬತ್ತನೇ ಕಾಲಂನಿಂದ ಶುರು ಮಾಡೋಣ. ಅದು ಆಸ್ತಿಯ ಲೆಕ್ಕ. ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು ಬೆಂಗಳೂರಿನಲ್ಲಿ, ಬೆಳೆದದ್ದು ಕೊಡಗಿನ ಕಾಫಿ ತೋಟದಲ್ಲಿ. ಹನ್ನೊಂದನೇ ವಯಸ್ಸಿಗೆ ರಾಕೆಟ್ ಹಿಡಿದರು, 2003ರಲ್ಲಿ ವೃತ್ತಿಪರರಾದರು. ಎಟಿಪಿ ಟೂರಿನಲ್ಲಿ 26 ಡಬಲ್ಸ್ ಪ್ರಶಸ್ತಿಗಳು. ಅವುಗಳಲ್ಲಿ ಆರು ಮಾಸ್ಟರ್ಸ್ ಮಟ್ಟದವು: 2011 ಮತ್ತು 2012ರಲ್ಲಿ ಪ್ಯಾರಿಸ್, 2015ರಲ್ಲಿ ಮ್ಯಾಡ್ರಿಡ್, 2017ರಲ್ಲಿ ಮಾಂಟೆ ಕಾರ್ಲೊ, 2023ರಲ್ಲಿ ಇಂಡಿಯನ್ ವೆಲ್ಸ್, 2024ರಲ್ಲಿ ಮಯಾಮಿ. ಗ್ರ್ಯಾನ್‌ಸ್ಲಾಮ್ ಎರಡು: 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್, 2024ರ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್. ಏಷ್ಯನ್ ಕ್ರೀಡಾಕೂಟದ ಚಿನ್ನವೂ ಎರಡು: 2018ರಲ್ಲಿ ಪಾಲೆಂಬಾಂಗ್‌ನಲ್ಲಿ ದಿವಿಜ್ ಶರಣ್ ಜೊತೆ, 2023ರಲ್ಲಿ ಹಾಂಗ್‌ಝೌನಲ್ಲಿ ಋತುಜಾ ಭೋಸಲೆ ಜೊತೆ. 2024ರಲ್ಲಿ ಪದ್ಮಶ್ರೀ. ಲಿಯಾಂಡರ್ ಪೇಸ್, ಮಹೇಶ್ ಭೂಪತಿ, ಸಾನಿಯಾ ಮಿರ್ಜಾ ನಂತರ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದ ನಾಲ್ಕನೇ ಭಾರತೀಯರು. ಹೊಸಬ ಇಲ್ಲಿಗೇ ನಿಲ್ಲುತ್ತಾನೆ. ನಮ್ಮ ಪತ್ರಿಕೆಗಳೂ ಬಹುಪಾಲು ಇಲ್ಲಿಗೇ ನಿಂತವು.

ಅಕ್ಕನ ಮಗನ ಪ್ರಶ್ನೆಗೆ ಉತ್ತರ ಸಿಗುವುದು ಹನ್ನೆರಡನೇ ಕಾಲಂನಲ್ಲಿ, ಅಂದರೆ ಬೆಳೆಯ ಕಾಲಂನಲ್ಲಿ. ಟೆನಿಸ್ ರ‍್ಯಾಂಕಿಂಗ್ ಎಂದರೆ ಜೀವಮಾನದ ಗಳಿಕೆಯ ಮೊತ್ತ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಿಂದಿನ 52 ವಾರಗಳ ಲೆಕ್ಕ ಮಾತ್ರ. ಗ್ರ್ಯಾನ್‌ಸ್ಲಾಮ್ ಗೆದ್ದರೆ 2000 ಅಂಕ, ಮಾಸ್ಟರ್ಸ್ ಗೆದ್ದರೆ 1000, ಅದರ ಕೆಳಗೆ 500 ಮತ್ತು 250ರ ಟೂರ್ನಿಗಳು. ಪ್ರತಿ ವಾರ ಹೊಸ ಗಳಿಕೆ ಒಳಗೆ ಬರುತ್ತದೆ, ಹೋದ ವರ್ಷ ಇದೇ ವಾರ ಗಳಿಸಿದ್ದು ಉದುರಿಹೋಗುತ್ತದೆ. ಹೋದ ವರ್ಷ ಗೆದ್ದ ಟೂರ್ನಿಯಲ್ಲಿ ಈ ವರ್ಷ ಮೊದಲ ಸುತ್ತಿನಲ್ಲೇ ಸೋತರೆ ಆ ಅಂಕಗಳೆಲ್ಲ ಒಂದೇ ಸೋಮವಾರ ಮಾಯ. ಅಜ್ಜ ಎಷ್ಟು ಚೀಲ ಭತ್ತ ಬೆಳೆದಿದ್ದ ಎಂದು ಬೆಳೆಯ ಕಾಲಂನಲ್ಲಿ ಯಾರೂ ಬರೆಯುವುದಿಲ್ಲವಲ್ಲ, ಹಾಗೆ.

2024ರ ಜನವರಿಯನ್ನು ಈಗ ಬಿಡಿಸಿ ನೋಡಿ. ಅದರ ಹಿಂದಿನ ವರ್ಷ ಬೋಪಣ್ಣ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿದ್ದರು. ಇಬ್ಬರೂ ಇಂಡಿಯನ್ ವೆಲ್ಸ್ ಗೆದ್ದರು, ವಿಂಬಲ್ಡನ್ ಸೆಮಿಫೈನಲ್ ಆಡಿದರು, ಅಮೆರಿಕ ಓಪನ್ ಫೈನಲ್ ತಲುಪಿದರು. ಫೈನಲ್ ಸೋತರೂ ದೊಡ್ಡ ಅಂಕ ಬಂತು. ಆದರೆ 2023ರ ಆಸ್ಟ್ರೇಲಿಯನ್ ಓಪನ್‌ನ ಪುರುಷರ ಡಬಲ್ಸ್‌ನಲ್ಲಿ ಈ ಜೋಡಿ ಮೊದಲ ಸುತ್ತಿನಲ್ಲೇ ಹೊರಬಿದ್ದಿತ್ತು. ಹಾಗಾಗಿ 2024ರ ಜನವರಿಯಲ್ಲಿ ಉದುರಲು ಹೆಚ್ಚೇನೂ ಇರಲಿಲ್ಲ, ಬಂದದ್ದೆಲ್ಲ ಲಾಭವೇ. ಕ್ವಾರ್ಟರ್‌ಫೈನಲ್ ಗೆದ್ದ ದಿನವೇ ಮೊದಲ ಸ್ಥಾನ ಖಚಿತವಾಯಿತು. ಜನವರಿ 29ರ ಸೋಮವಾರದ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿ ಅವರ ಹೆಸರಿತ್ತು. ಆಗ ವಯಸ್ಸು 43. ಅದಕ್ಕೂ ಮೊದಲು, ಮೊದಲ ಸಲ ನಂಬರ್ ಒನ್ ಆದವರಲ್ಲಿ ಅತಿ ಹಿರಿಯರೆನಿಸಿದ್ದ ಅಮೆರಿಕದ ರಾಜೀವ್ ರಾಮ್ ಅವರಿಗೆ ಆಗ 38. ಒಂದು ವರ್ಷ ಹಿಂದಿನ ಸೋಲು ಈ ಏಣಿಯ ಒಂದು ಮೆಟ್ಟಿಲಾಯಿತು ಎಂದರೆ ವಿಚಿತ್ರ ಅನಿಸಬಹುದು, ಆದರೆ ಲೆಕ್ಕ ಇರುವುದೇ ಹಾಗೆ.

ಈ ಕಾಲಂ ಹೇಳದೆ ಬಿಡುವುದೂ ಇದೆ. 2023ರ ಅದೇ ಆಸ್ಟ್ರೇಲಿಯನ್ ಓಪನ್‌ನಲ್ಲಿ ಬೋಪಣ್ಣ, ಸಾನಿಯಾ ಮಿರ್ಜಾ ಜೊತೆ ಮಿಶ್ರ ಡಬಲ್ಸ್ ಫೈನಲ್ ಆಡಿದ್ದರು. ಅದು ಸಾನಿಯಾ ಅವರ ಕೊನೆಯ ಗ್ರ್ಯಾನ್‌ಸ್ಲಾಮ್, ದೇಶವೆಲ್ಲ ಕಣ್ಣೊದ್ದೆ ಮಾಡಿಕೊಂಡು ನೋಡಿದ ಪಂದ್ಯ. ರ‍್ಯಾಂಕಿಂಗ್ ಪಟ್ಟಿಯ ಮಟ್ಟಿಗೆ ಅದು ನಡೆದೇ ಇಲ್ಲ. ಮಿಶ್ರ ಡಬಲ್ಸ್‌ಗೆ ಅಂಕವಿಲ್ಲ, ಏಷ್ಯನ್ ಕ್ರೀಡಾಕೂಟದ ಚಿನ್ನಕ್ಕೂ ಇಲ್ಲ. ಇನ್ನೊಂದು ಸಂಗತಿ: ಡಬಲ್ಸ್ ಆಡುವುದು ಇಬ್ಬರಾದರೂ ರ‍್ಯಾಂಕು ಒಬ್ಬೊಬ್ಬರದೇ. ಬೋಪಣ್ಣ ನಂಬರ್ ಒನ್ ಆದ ಕೆಲವೇ ವಾರಗಳಲ್ಲಿ ಆ ಜಾಗಕ್ಕೆ ಬಂದದ್ದು ಬೇರಾರೂ ಅಲ್ಲ, ಅವರ ಪಕ್ಕದಲ್ಲೇ ನಿಂತು ಆಡುತ್ತಿದ್ದ ಎಬ್ಡೆನ್. ಮುಂದೆ ಮಯಾಮಿ ಗೆದ್ದು ಬೋಪಣ್ಣ ಮತ್ತೆ ಮೇಲೇರಿದರು. ಅಣ್ಣತಮ್ಮಂದಿರು ಒಂದೇ ಹೊಲ ಉತ್ತರೂ ಉತಾರ ಬೇರೆ ಬೇರೆ ಇದ್ದ ಹಾಗೆ.

ಇನ್ನು ಹನ್ನೊಂದನೇ ಕಾಲಂ, ಬೋಜಾದ್ದು. ನಾನು ಹೆಚ್ಚು ಹೊತ್ತು ಕೂತದ್ದು ಇದರ ಮುಂದೆ. ಮೊದಲ ಸಾಲಿನಲ್ಲಿ ಸಿಂಗಲ್ಸ್. ಬೋಪಣ್ಣ ಸಿಂಗಲ್ಸ್ ಆಟಗಾರರಾಗಲು ವರ್ಷಗಟ್ಟಲೆ ಪ್ರಯತ್ನಪಟ್ಟವರು. ಅಲ್ಲಿ ತಲುಪಿದ ಎತ್ತರ 2007ರ 213ನೇ ಸ್ಥಾನ, ಅದಕ್ಕಿಂತ ಮೇಲೆ ಹೋಗಲಾಗಲಿಲ್ಲ. ಎರಡನೇ ಸಾಲು 2010ರ ಅಮೆರಿಕ ಓಪನ್. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಫೈನಲ್ ತಲುಪಿದರು. ಭಾರತ, ಪಾಕಿಸ್ತಾನದ ಇಬ್ಬರು ಒಂದೇ ಬದಿಯಲ್ಲಿ ನಿಂತು ಆಡುವುದನ್ನು ಜಗತ್ತು ಬೆರಗಿನಿಂದ ನೋಡಿತು. ಎದುರಿಗಿದ್ದವರು ಅಮೆರಿಕದ ಅವಳಿಗಳಾದ ಬ್ರಯನ್ ಸಹೋದರರು. ಎರಡೂ ಸೆಟ್ ಟೈಬ್ರೇಕ್‌ವರೆಗೆ ಹೋದವು, ಎರಡೂ ಕೈತಪ್ಪಿದವು. ಪುರುಷರ ಡಬಲ್ಸ್‌ನಲ್ಲಿ ಮುಂದಿನ ಗ್ರ್ಯಾನ್‌ಸ್ಲಾಮ್ ಫೈನಲ್‌ಗೆ ಅವರು ಕಾದದ್ದು 13 ವರ್ಷ. ಅದನ್ನೂ ಸೋತರು.

ಎಲ್ಲ ಸೇರಿ ಆರು ಗ್ರ್ಯಾನ್‌ಸ್ಲಾಮ್ ಫೈನಲ್‌ಗಳು, ಗೆದ್ದದ್ದು ಎರಡು. ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಜೊತೆ ನಾಲ್ಕನೇ ಸ್ಥಾನ, ಅಂದರೆ ಪದಕದ ಕಟ್ಟೆಯ ಒಂದೇ ಮೆಟ್ಟಿಲು ಕೆಳಗೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ಮೊದಲ ಸುತ್ತಿಗೇ ಮುಗಿಯಿತು. ಇನ್ನೊಂದು ಅಂಕಿ ನನ್ನನ್ನು ಬಹಳ ಕಾಡಿತು: 61. ಪುರುಷರ ಡಬಲ್ಸ್‌ನ ಗ್ರ್ಯಾನ್‌ಸ್ಲಾಮ್ ಟ್ರೋಫಿ ಬೋಪಣ್ಣ ಅವರ ಕೈಗೆ ಬಂದದ್ದು 61ನೇ ಪ್ರಯತ್ನದಲ್ಲಿ, 19ನೇ ಜೊತೆಗಾರನೊಂದಿಗೆ. ಒಂದು ಗ್ರ್ಯಾನ್‌ಸ್ಲಾಮ್‌ನಲ್ಲಿ 64 ಜೋಡಿಗಳಿರುತ್ತವೆ, ಗೆಲ್ಲಬೇಕಾದವರು ಆರು ಪಂದ್ಯ ಗೆಲ್ಲಬೇಕು, 63 ಜೋಡಿಗಳು ಬರಿಗೈಲಿ ಮನೆಗೆ ಹೋಗುತ್ತವೆ. ಅಂಥ 60 ಟೂರ್ನಿಗಳಿಂದ ಬೋಪಣ್ಣ ಬರಿಗೈಲಿ ಬಂದಿದ್ದರು. 2013ರ ಜುಲೈನಲ್ಲೇ ಮೂರನೇ ರ‍್ಯಾಂಕಿಗೆ ಏರಿದ್ದವರು ಮೂರರಿಂದ ಒಂದಕ್ಕೆ ಹೋಗಲು ಹತ್ತೂವರೆ ವರ್ಷ ತೆಗೆದುಕೊಂಡರು. ಆ ಹತ್ತೂವರೆ ವರ್ಷ ಅವರು ಮೇಲೇರುತ್ತಲೇ ಇರಲಿಲ್ಲ, ಬಹುಕಾಲ ಕೆಳಗೆ ಜಾರಿದ್ದರು. ಒಮ್ಮೆಯಂತೂ ಐದು ತಿಂಗಳು ಒಂದೂ ಪಂದ್ಯ ಗೆಲ್ಲದೆ, ಇನ್ನು ಸಾಕು ಎಂದು ಹೆಂಡತಿಗೆ ಸಂದೇಶ ಕಳಿಸಿದ್ದನ್ನು ಮೆಲ್ಬರ್ನ್‌ನಲ್ಲಿ ಟ್ರೋಫಿ ಪಕ್ಕದಲ್ಲಿಟ್ಟುಕೊಂಡು ಅವರೇ ಹೇಳಿದರು. ಮೊಣಕಾಲುಗಳ ಮೃದ್ವಸ್ಥಿ ಸವೆದು ಹೋಗಿತ್ತು. ಅಯ್ಯಂಗಾರ್ ಪದ್ಧತಿಯ ಯೋಗ ಹಿಡಿದು ಆ ಕಾಲುಗಳನ್ನು ನೆಲಕ್ಕೆ ಊರಿದರು.

ಹಾಗಾದರೆ ಬೋಜಾ ಇಷ್ಟಿದ್ದ ಹೊಲ ಒಳ್ಳೆಯದೋ ಕೆಟ್ಟದ್ದೋ? ಟೆನಿಸ್‌ನ ಅಂಕಗಳನ್ನು ಒಂದಿಷ್ಟು ಹತ್ತಿರದಿಂದ ನೋಡಿದರೆ ಉತ್ತರ ಹೊಳೆಯುತ್ತದೆ. 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಫೈನಲ್. ಬೋಪಣ್ಣ ಅವರ ಜೊತೆ ಕೆನಡಾದ ಗ್ಯಾಬ್ರಿಯೆಲಾ ಡಬ್ರೊವ್‌ಸ್ಕಿ. ಒಂದೊಂದು ಸೆಟ್ ಹಂಚಿಹೋದ ಮೇಲೆ ಮೂರನೇ ಸೆಟ್ಟಿನ ಬದಲು ಹತ್ತು ಅಂಕಗಳ ಟೈಬ್ರೇಕ್. ಹತ್ತು ಮುಟ್ಟಬೇಕು, ಎರಡು ಅಂಕ ಮುಂದಿರಬೇಕು. ಎದುರಾಳಿಗಳಾದ ಗ್ರೋನೆಫೆಲ್ಡ್ ಮತ್ತು ಫರಾ ಎರಡು ಸಲ ಗೆಲುವಿನಿಂದ ಒಂದೇ ಅಂಕ ದೂರದಲ್ಲಿದ್ದರು. ಎರಡನ್ನೂ ತಪ್ಪಿಸಿಕೊಂಡು ಬೋಪಣ್ಣ ಜೋಡಿ 12-10ರಿಂದ ಗೆದ್ದಿತು. ಮರುವರ್ಷದ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್‌ನ ಮಿಶ್ರ ಡಬಲ್ಸ್ ಫೈನಲ್. ಅದೇ ಡಬ್ರೊವ್‌ಸ್ಕಿ ಈ ಸಲ ಬಲೆಯ ಆಚೆ ನಿಂತಿದ್ದರು. ಬೋಪಣ್ಣ ಪಕ್ಕದಲ್ಲಿ ಹಂಗೆರಿಯ ಟಿಮಿಯಾ ಬಾಬೋಸ್. ಮತ್ತೆ ಒಂದೊಂದು ಸೆಟ್, ಮತ್ತೆ ಟೈಬ್ರೇಕ್. ಸೋಲು, 9-11. ಪಟ್ಟಿಯಲ್ಲಿ ಒಂದರ ಮುಂದೆ ‘ಚಾಂಪಿಯನ್’ ಎಂದಿದೆ, ಇನ್ನೊಂದರ ಮುಂದೆ ‘ರನ್ನರ್ ಅಪ್’. ಎರಡರಲ್ಲೂ ಇದ್ದ ಅಂತರ ಎರಡೇ ಅಂಕ.

ಇದು ಡಬಲ್ಸ್‌ನ ಮಾತಷ್ಟೇ ಎಂದುಕೊಳ್ಳಬೇಡಿ. ಸಿಂಗಲ್ಸ್‌ನಲ್ಲಿ 1,526 ಪಂದ್ಯ ಆಡಿ, ಸುಮಾರು ಶೇ 80ರಷ್ಟು ಗೆದ್ದ ರೋಜರ್ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ತಮ್ಮದೇ ಒಂದು ಲೆಕ್ಕ ಬಿಚ್ಚಿಟ್ಟರು: ಆ ಪಂದ್ಯಗಳಲ್ಲಿ ಅವರು ಗೆದ್ದ ಅಂಕಗಳು ಶೇ 54 ಮಾತ್ರ. ಅಂದರೆ ಅಂಥ ಆಟಗಾರನೂ ನೂರು ಸಲ ಚೆಂಡು ಆಟಕ್ಕಿಳಿದರೆ 46 ಸಲ ಸೋತಿದ್ದಾನೆ. ಟೆನಿಸ್ ಎಂದರೆ ದಿನವಿಡೀ ಸೋಲುತ್ತ ಸಂಜೆಗೆ ಒಂದಿಷ್ಟು ಹೆಚ್ಚು ಗೆದ್ದಿರುವ ಆಟ. ಬೋಪಣ್ಣ ಅವರ ಪಟ್ಟಿಯಲ್ಲಿ 500ಕ್ಕೂ ಹೆಚ್ಚು ಡಬಲ್ಸ್ ಗೆಲುವುಗಳಿವೆ, ಜೊತೆಗೆ ನೂರಾರು ಸೋಲುಗಳೂ ಇವೆ. ಅಷ್ಟು ಸೋಲಬೇಕಾದರೆ ಅಷ್ಟು ವರ್ಷ ಆಡಲು ಅರ್ಹತೆ ಇರಬೇಕು. ಸೋಲಿನ ದೊಡ್ಡ ಅಂಕಿಯನ್ನು ಸಾಲ ಎಂದು ಓದುವ ಬದಲು, ಅಷ್ಟು ಕಾಲ ಸಾಲ ಹುಟ್ಟಿಸಿಕೊಳ್ಳುವ ಪತ್ತು ಇತ್ತು ಎಂದು ಓದಿದರೆ ಹೆಚ್ಚು ಸರಿ.

ಚಹಾದಂಗಡಿಯ ಹಿರಿಯರ ತಕರಾರಿಗೂ ಬರೋಣ. ಡಬಲ್ಸ್ ಅರ್ಧ ಆಟವೇ? ಪೂರ್ತಿ ಸುಳ್ಳು ಎನ್ನಲಾರೆ. ಅಗ್ರ ಸಿಂಗಲ್ಸ್ ಆಟಗಾರರು ಬಹುಪಾಲು ಡಬಲ್ಸ್‌ಗೆ ಬರುವುದಿಲ್ಲ, ಹಣವೂ ಜನವೂ ಸಿಂಗಲ್ಸ್ ಕಡೆಗೇ ಹೆಚ್ಚು. ಅಂಕಣ ಅಗಲವಾದರೂ ಓಡಲು ಇನ್ನೊಬ್ಬರು ಇರುತ್ತಾರೆ, 40 ದಾಟಿದ ಕಾಲಿಗೆ ಅದೊಂದು ಅನುಕೂಲ. ಬೋಪಣ್ಣ ಅವರ 26 ಪ್ರಶಸ್ತಿಗಳನ್ನು ಸಿಂಗಲ್ಸ್‌ನ 26ರ ಜೊತೆ ತೂಗುವುದು ತಪ್ಪು. ಆದರೆ ಡಬಲ್ಸ್‌ಗೆ ಅದರದೇ ಕಷ್ಟವಿದೆ. ಟೂರಿನ ಪಂದ್ಯಗಳಲ್ಲಿ 40-40 ಆದರೆ ಮುಂದಿನ ಒಂದೇ ಅಂಕಕ್ಕೆ ಗೇಮ್ ಮುಗಿಯುತ್ತದೆ, ಮೂರನೇ ಸೆಟ್ಟಿನ ಬದಲು ಟೈಬ್ರೇಕ್. ಎಡವಿದರೆ ಎದ್ದು ಸಾವರಿಸಿಕೊಳ್ಳಲು ಸಮಯವೇ ಇಲ್ಲ. ಅಲ್ಲಿ ಎಲ್ಲಕ್ಕಿಂತ ಬೆಲೆ ಬಾಳುವುದು ಸರ್ವ್. ಆ ಸರ್ವ್‌ಗೆ ಬಲ ಬರಲೆಂದು ಕೊಡಗಿನಲ್ಲಿ ಕಟ್ಟಿಗೆ ಒಡೆಯುತ್ತಿದ್ದುದನ್ನು, ತ್ರಾಣ ಹೆಚ್ಚಲೆಂದು ಕಾಫಿ ತೋಟದಲ್ಲಿ ಓಡುತ್ತಿದ್ದುದನ್ನು ಬೋಪಣ್ಣ ವಿದಾಯದ ಮಾತಿನಲ್ಲಿ ನೆನೆದಿದ್ದಾರೆ. ಇದನ್ನು ಓದಿ ಹೇಳಿದಾಗ ಹಿರಿಯರು ನಕ್ಕರು: ‘ಕಟಗಿ ಒಡದು ನಂಬರ್ ಒನ್ ಆಗೂದಿದ್ರ ನಮ್ಮ ಓಣಿ ತುಂಬಾ ನಂಬರ್ ಒನ್ನೇ ಇರತಿದ್ರು.’ ನಗುವ ಮಾತೇ ಸರಿ, ಆದರೆ ಅದರೊಳಗೆ ಒಂದು ಮುಳ್ಳಿದೆ.

2023ರ ಅಕ್ಟೋಬರ್‌ನಲ್ಲಿ ಧಾರವಾಡದ ರಾಜಾಧ್ಯಕ್ಷ ಪೆವಿಲಿಯನ್‌ನಲ್ಲಿ ಅಂತರರಾಷ್ಟ್ರೀಯ ಪುರುಷರ ಟೆನಿಸ್ ಟೂರ್ನಿ ನಡೆದಾಗ ಮುಂಡಗೋಡದಲ್ಲಿ ಬಸ್ ಹತ್ತಿ ನೋಡಲು ಹೋಗಿದ್ದೆ. ದೇಶ ವಿದೇಶದ ಹುಡುಗರು ತಮ್ಮ ಬ್ಯಾಗು ತಾವೇ ಹೊತ್ತು ಬರುತ್ತಿದ್ದರು. ಸೋತವನೊಬ್ಬ ನೆರಳಲ್ಲಿ ಕೂತು ರಾಕೆಟ್ಟಿನ ಹಿಡಿಗೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚಿ, ಬೆವರು ಹಿಂಡಿ, ಮತ್ತೆ ಅದನ್ನೇ ಸುತ್ತುತ್ತಿದ್ದ. ಅಂಥ ಟೂರ್ನಿ ಗೆದ್ದರೂ ಸಿಗುವ ರ‍್ಯಾಂಕಿಂಗ್ ಅಂಕ ಹತ್ತಿಪ್ಪತ್ತರ ಲೆಕ್ಕದ್ದು, ಮೆಲ್ಬರ್ನ್‌ನ 2000ಕ್ಕೆ ಹೋಲಿಸಿದರೆ ಚಿಲ್ಲರೆ ಕಾಸು. ಆದರೆ ದೊಡ್ಡ ಪಟ್ಟಿಗೆ ಹೋಗುವ ದಾರಿ ಈ ಚಿಲ್ಲರೆಯಿಂದಲೇ ಶುರುವಾಗುತ್ತದೆ. ಬೋಪಣ್ಣ ಕೂಡ ಸಣ್ಣ ಟೂರ್ನಿಗಳಲ್ಲಿ ವರ್ಷಗಟ್ಟಲೆ ತಿರುಗಿದವರು. ಅವರ ಮೊದಲ ಎಟಿಪಿ ಪ್ರಶಸ್ತಿ ಬಂದದ್ದು 2008ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ವೃತ್ತಿಗೆ ಇಳಿದು ಆರು ವರ್ಷವಾದ ಮೇಲೆ, 2009ರ ಕೊನೆಗೆ ಉತಾರ ತೆಗೆದಿದ್ದರೆ ಒಂಬತ್ತನೇ ಕಾಲಂನಲ್ಲಿ ಕಾಣುತ್ತಿದ್ದುದು ಆ ಒಂದೇ ಟ್ರೋಫಿ.

ಆರು ವರ್ಷ ಎಂದೊಡನೆ ನನಗೆ ನಮ್ಮ ಜಿಲ್ಲೆಯದೇ ಇನ್ನೊಂದು ಕಥೆ ನೆನಪಾಗುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾದ ಕಾಡಂಚಿನ ಸಿದ್ದಿ ಮಕ್ಕಳಲ್ಲಿ ಓಟಗಾರರನ್ನು ಹುಡುಕಲು ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ವಿಶೇಷ ಯೋಜನೆ ತಂದಿತು. ಮಕ್ಕಳು ಹಾಸ್ಟೆಲಿಗೆ ಹೋದರು, ಸ್ಪೈಕ್ ಬೂಟು ಹಾಕಿದರು, ಕಮಲಾ ಸಿದ್ದಿ ಅವರಂಥವರು ದೇಶದ ಮಟ್ಟದಲ್ಲಿ ಪದಕ ತಂದರು. 1993ರ ಹೊತ್ತಿಗೆ ಯೋಜನೆ ನಿಂತಿತು. ಹೆಚ್ಚು ಕಡಿಮೆ ಆರೇ ವರ್ಷ. ಬೀಜ ಬಿತ್ತಿದ ವರ್ಷವೇ ಗಿಡದಲ್ಲಿ ಕಾಯಿ ಹುಡುಕಿದ ಹಾಗಾಯಿತು. ಬೋಪಣ್ಣ ಅವರಿಗೂ ಅಷ್ಟೇ ಗಡುವು ಕೊಟ್ಟಿದ್ದರೆ ಇವತ್ತು ನಾನು ಈ ಅಂಕಣ ಬರೆಯುತ್ತಿರಲಿಲ್ಲ. ಅವರ ಹಿಂದೆ ತೋಟವಿತ್ತು, ಮನೆಯಿತ್ತು, ಕಾಯುವ ತಂದೆತಾಯಿ ಇದ್ದರು. ಹಿರಿಯರು ಹೇಳಿದ ಓಣಿಯ ಕಟ್ಟಿಗೆ ಒಡೆಯುವ ಹುಡುಗನ ಹಿಂದೆ ಹಾಗೆ ಕಾಯುವವರು ಬೇಕು. ಮುಳ್ಳು ಇರುವುದು ಅಲ್ಲಿ.

ದೊಡ್ಡ ಯೋಜನೆಗಳು ಸರ್ಕಾರದ ಕೈಲಿವೆ. ನಮ್ಮ ಕೈಲಿರುವ ಒಂದು ಸಣ್ಣ ಕೆಲಸವನ್ನು ಮಾತ್ರ ಹೇಳಿ ಮುಗಿಸುತ್ತೇನೆ. ತಾಲ್ಲೂಕು ಕ್ರೀಡಾಕೂಟಗಳಲ್ಲಿ ನಾವು ಬರೆದಿಡುವುದು ಪ್ರಥಮ, ದ್ವಿತೀಯ, ತೃತೀಯ. ನಾಲ್ಕನೆಯವನ ಹೆಸರು ಸಂಜೆಯೊಳಗೆ ಮರೆತುಹೋಗುತ್ತದೆ. ಅವನು ಹೋದ ವರ್ಷ ಒಂಬತ್ತನೆಯವನಾಗಿದ್ದ ಎಂಬುದು ಎಲ್ಲೂ ದಾಖಲಾಗಿರುವುದಿಲ್ಲ. ಶಾಲೆಯ ದೈಹಿಕ ಶಿಕ್ಷಕರು, ತಂದೆತಾಯಂದಿರು ಆಡುವ ಮಗುವಿಗೊಂದು ನೋಟ್‌ಬುಕ್ ಕೊಡಿಸಿ. ತಾರೀಖು, ಎದುರಾಳಿ, ಅಂಕ, ಗೆದ್ದದ್ದಾಗಲಿ ಸೋತದ್ದಾಗಲಿ ಅದೇ ದಿನ ಬರೆಸಿ. ಐದು ವರ್ಷ ಬಿಟ್ಟು ಒಟ್ಟಿಗೆ ಓದಿ. ಅಕ್ಕನ ಮಗನಿಗೆ ಮೊನ್ನೆ ಮುಂಡಗೋಡದ ಪೇಟೆಯಿಂದ ಅಂಥದ್ದೊಂದು ತಂದುಕೊಟ್ಟಿದ್ದೇನೆ. ಮೊದಲ ಪುಟದಲ್ಲಿ ಅವನು ಬರೆದಿರುವುದು ತನ್ನ ಆಟ ಅಲ್ಲ, ಬೋಪಣ್ಣ ಅವರ ಕೊನೆಯ ಪಂದ್ಯ: 2025, ಪ್ಯಾರಿಸ್ ಮಾಸ್ಟರ್ಸ್, ಜೊತೆಗಾರ ಅಲೆಕ್ಸಾಂಡರ್ ಬುಬ್ಲಿಕ್, 5-7, 6-2, 8-10. ಸೋಲು.